ಅಬಾರ್ತ್ ಪುಂಟೊ: ಮೂರು ವಾರ, 900 ಕಿಲೋಮೀಟರ್ ಓಡಿಸಿದ ಮೇಲೆ

ಸರ್, ನಿಮ್ಮ ಪ್ರಶ್ನೆ ನೋಡಿದೆ. ಕೋಲಾರದಲ್ಲಿದ್ದೀರಿ, ಪುಣೆಯ ಸೆಕೆಂಡ್ ಹ್ಯಾಂಡ್ ಅಬಾರ್ತ್ ಪುಂಟೊ ಒಂದು ಸಿಕ್ಕಿದೆ. ಓಡಿಸೋಕೆ ಹೇಗಿರುತ್ತೆ, ನಮ್ಮ ಕಡೆ ಹಂಪುಗಳಿಗೆ ತಡೆಯುತ್ತಾ, ಫಿಯಟ್ ಇಲ್ಲಿ ಕಾರು ಮಾರೋದು ನಿಲ್ಲಿಸಿರುವಾಗ ಪಾರ್ಟ್ಸ್ ಸಿಗುತ್ತಾ ಅಂತ ಕೇಳಿದ್ದೀರಿ. ನಾನು ಚಿಕ್ಕಬಳ್ಳಾಪುರದಲ್ಲಿ ಅದೇ ಕಾರು ತಂದು ಮೂರು ವಾರ ಆಯ್ತು. ಮೈಸೂರಿನಿಂದ ಓಡಿಸಿಕೊಂಡು ಬಂದ ದಿನವೂ ಸೇರಿ 900 ಕಿಲೋಮೀಟರ್ ಆಗಿದೆ. ಉತ್ತರ ಸ್ವಲ್ಪ ಉದ್ದವಾಗುತ್ತೆ, ನಿಧಾನವಾಗಿ ಓದಿ.

ಗುಂಪಿನಲ್ಲಿ ಈ ಕಾರು ಗೊತ್ತಿಲ್ಲದವರಿಗೆ ಎರಡು ಮಾತು. ನೋಡೋಕೆ ಇದು ನಾವೆಲ್ಲ ಕಂಡಿರುವ ಫಿಯಟ್ ಪುಂಟೊ. 2015ರ ಅಕ್ಟೋಬರ್‌ನಲ್ಲಿ ಬಂತು, ಆಗ ದೆಹಲಿ ಎಕ್ಸ್‌ಶೋರೂಮ್ ಬೆಲೆ 9.95 ಲಕ್ಷ. ಬಾನೆಟ್ ಒಳಗೆ 1.4 ಲೀಟರ್ ಟಿ-ಜೆಟ್ ಟರ್ಬೊ ಪೆಟ್ರೋಲ್ ಇಂಜಿನ್, 145 ಬಿಎಚ್‌ಪಿ, 212 ನ್ಯೂಟನ್ ಮೀಟರ್ ಟಾರ್ಕ್, ಅಂದ್ರೆ ಎಳೆಯೋ ಬಲ. ಆಗಿನ ಸ್ವಿಫ್ಟ್ ಪೆಟ್ರೋಲ್ 80 ಬಿಎಚ್‌ಪಿ ಆಸುಪಾಸಿನಲ್ಲಿತ್ತು, ಅಲ್ಲಿಗೆ ಲೆಕ್ಕ ಹಾಕಿ. ನಿಂತಲ್ಲಿಂದ ಗಂಟೆಗೆ ನೂರು ಕಿಲೋಮೀಟರ್ ವೇಗ ಮುಟ್ಟಲು 8.8 ಸೆಕೆಂಡ್ ಅಂತ ಕಂಪನಿ ಹೇಳಿತ್ತು. ನಾಲ್ಕು ಚಕ್ರಕ್ಕೂ ಡಿಸ್ಕ್ ಬ್ರೇಕ್. ಮಾರಾಟ ಆಗಿದ್ದೇ ಕಡಿಮೆ, ಅದಕ್ಕೇ ಈಗ ನೂರು ಪುಂಟೊ ನೋಡಿದರೂ ಒಂದು ಅಬಾರ್ತ್ ಕಾಣಲ್ಲ.

ಮುಂದೆ ಇರೋ ಚೇಳಿನ ಗುರುತು ಕಾರ್ಲೊ ಅಬಾರ್ತ್ ಅವರದು. 1908ರ ನವೆಂಬರ್‌ನಲ್ಲಿ ಹುಟ್ಟಿದವರು, ರಾಶಿ ವೃಶ್ಚಿಕ. 1949ರಲ್ಲಿ ಇಟಲಿಯಲ್ಲಿ ಕಂಪನಿ ಶುರು ಮಾಡಿದಾಗ ತಮ್ಮ ರಾಶಿಯನ್ನೇ ಗುರುತು ಮಾಡಿಕೊಂಡರು. 1971ರಲ್ಲಿ ಅದು ಫಿಯಟ್ ಕೈಗೆ ಬಂತು. ಕಾರು ಮನೆ ಮುಂದೆ ನಿಂತ ದಿನ ನಮ್ಮಮ್ಮ ಆರತಿ ತಟ್ಟೆ ಹಿಡ್ಕೊಂಡು ಬಂದವರು ಚೇಳು ನೋಡಿ ನಿಂತುಬಿಟ್ಟರು. ಆಮೇಲೆ, "ಮೊದಲು ಕೋಲಾರಕ್ಕೆ ಹೋಗಿ ಚೇಳಮ್ಮನಿಗೆ ಕೈ ಮುಗಿದು ಬಾ" ಅಂದರು. ನಿಮಗೆ ಹೇಳಬೇಕಿಲ್ಲ, ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮನೂ ಇದ್ದಾಳೆ. ಅವಳನ್ನು ನಂಬಿದವರಿಗೆ ಚೇಳಿನ ಕಾಟ ಇರಲ್ಲ ಅಂತ ನಮ್ಮ ಕಡೆಯವರೆಲ್ಲ ಹೇಳೋದು. ಅದಿನ್ನೂ ಬಾಕಿ ಇದೆ, ಕೊನೆಗೆ ಹೇಳ್ತೀನಿ.

ಈಗ ಓಡಿಸೋ ವಿಷಯ. ನಿಜ ಹೇಳ್ತೀನಿ, ಮೈಸೂರಿನ ಟ್ರಾಫಿಕ್‌ನಲ್ಲಿ ಮೊದಲ ಹತ್ತು ನಿಮಿಷ ನನಗೆ ನಿರಾಸೆ ಆಯ್ತು. ಸಿಗ್ನಲ್ ಬಿಟ್ಟ ಮೇಲೆ ಪಕ್ಕದ ಆಟೊ ಮುಂದೆ ಹೋಗ್ತಿತ್ತು. ಎಕ್ಸಿಲರೇಟರ್ ಒತ್ತಿದರೂ ಕಾರು ಯೋಚನೆ ಮಾಡ್ತಾ ನಿಂತಂಗೆ. ಊರಾಚೆ ಬಂದು ಎರಡನೇ ಗೇರ್‌ನಲ್ಲಿ ಕಾಲು ಇಟ್ಟೇ ಇದ್ದೆ ನೋಡಿ, ಆರ್‌ಪಿಎಂ ಮುಳ್ಳು, ಅಂದ್ರೆ ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತೆ ಅಂತ ತೋರಿಸೋದು, 2,000 ದಾಟಿತು. ಬೋರ್‌ವೆಲ್ ಮೋಟಾರ್ ಆನ್ ಮಾಡಿದಾಗ ಪೈಪಿನ ಬಾಯಲ್ಲಿ ಮೊದಲು ಬುಸ್ ಅಂತ ಬರೀ ಗಾಳಿ ಬರುತ್ತೆ, ಆಮೇಲೆ ಒಮ್ಮೆಗೇ ತುಂಬು ನೀರು ದಬದಬ ಅಂತ ಬೀಳುತ್ತೆ ಅಲ್ವಾ? ಥೇಟ್ ಹಾಗೆ. ಬೆನ್ನು ಸೀಟಿಗೆ ಅಂಟಿತು. ಮೂರನೇ ಗೇರ್ ಹಾಕಿದೆ, ಅದೇ ಎಳೆತ. ಕೈಯಲ್ಲಿ ರೋಮ ನಿಂತಿತ್ತು, ಸುಳ್ಳಲ್ಲ.

ಅದು ಯಾಕೆ ಹಾಗೆ ಅಂದ್ರೆ, ಟರ್ಬೊ ತಿರುಗೋದು ಸೈಲೆನ್ಸರ್ ಕಡೆ ಹೋಗೋ ಹೊಗೆಯ ಬಲದಿಂದ. ಇಂಜಿನ್ ನಿಧಾನ ಇದ್ದರೆ ಹೊಗೆ ಕಡಿಮೆ, ಟರ್ಬೊ ಸುಮ್ನೆ ಇರುತ್ತೆ. ಹೊಗೆ ಜೋರಾದರೆ ಅದು ತಿರುಗಿ ಇಂಜಿನ್‌ಗೆ ಗಾಳಿ ತುರುಕುತ್ತೆ. ಈ ಕಾರಿನಲ್ಲಿ ಪೂರ್ತಿ ಟಾರ್ಕ್ ಸಿಗೋದು 2,000ದಿಂದ 4,000 ಆರ್‌ಪಿಎಂ ನಡುವೆ. ಅದರ ಕೆಳಗೆ ಏನೂ ಕೇಳಬೇಡಿ, ಕೊಡಲ್ಲ. ಈ ಒಂದು ಮಾತು ಕಾಲಿಗೆ ಅಭ್ಯಾಸ ಆದರೆ ಕಾರು ನಿಮ್ಮದು. ನಾನು ದಿನಾ ತೋಟದ ಪಿಕಪ್ ಓಡಿಸೋನು, ಬೇಗ ಬೇಗ ಮೇಲಿನ ಗೇರ್‌ಗೆ ಹೋಗೋ ಚಟ. ಅದನ್ನು ಬಿಡೋಕೆ ಒಂದು ವಾರ ಹಿಡೀತು. ಪೇಟೆಯಲ್ಲಿ ನಾನು ಮೂರನೇ ಗೇರ್‌ಗೆ ಹೋಗ್ತಿದ್ದ ಕಡೆ ಈಗ ಎರಡರಲ್ಲೇ ಇರ್ತೀನಿ, ಸಲೀಸಾಗಿ ಹೋಗುತ್ತೆ.

ಇದರ ಖುಷಿ ಪೂರ್ತಿ ಸಿಕ್ಕಿದ್ದು ನಂದಿ ಬೆಟ್ಟದ ರಸ್ತೆಯಲ್ಲಿ. ಮಂಗಳವಾರ ಬೆಳಗ್ಗೆ ಹೋಗಿದ್ದೆ. ಶನಿವಾರ ಭಾನುವಾರ ದಯವಿಟ್ಟು ಬೇಡ, ಜನ ಜಾಸ್ತಿ, ಸೈಕಲ್‌ನವರು ಅಭ್ಯಾಸ ಮಾಡ್ತಿರ್ತಾರೆ. ತಿರುವಿಗೆ ಮೊದಲೇ ಬ್ರೇಕ್, ಎರಡನೇ ಗೇರ್, ಸ್ಟೀರಿಂಗ್ ತಿರುಗಿಸಿ, ನೇರ ಆಗ್ತಾ ಬಂದಂಗೆ ನಿಧಾನವಾಗಿ ಕಾಲು ಕೊಡೋದು. ಸ್ಪೀಡೋಮೀಟರ್ 50 ದಾಟಿರಲ್ಲ, ಆದರೂ ಕೈಕಾಲಿಗೆ ಪೂರ್ತಿ ಕೆಲಸ. ಸ್ಟೀರಿಂಗ್ ಹಳೇ ಹೈಡ್ರಾಲಿಕ್ ತರದ್ದು. ಪಾರ್ಕಿಂಗ್‌ನಲ್ಲಿ ಭಾರ ಅನಿಸುತ್ತೆ, ಓಡುವಾಗ ಟೈರ್ ಕೆಳಗೆ ಏನಿದೆ ಅಂತ ಬೆರಳಿಗೇ ಗೊತ್ತಾಗುತ್ತೆ. ಈಗಿನ ಎಲೆಕ್ಟ್ರಿಕ್ ಸ್ಟೀರಿಂಗ್ ಕಾರುಗಳಲ್ಲಿ ಆ ಸುಖ ನನಗಂತೂ ಸಿಕ್ಕಿಲ್ಲ. ಹೈವೇಯಲ್ಲಿ ಪೇರೇಸಂದ್ರದ ಕಡೆ ನೂರರಲ್ಲಿ ಹೋದರೆ ಬಂಡೆ ಇದ್ದಂಗೆ ನಿಂತು ಓಡುತ್ತೆ. ಲಾರಿ ದಾಟೋಕೆ ನಾಲ್ಕನೇ ಗೇರ್ ಸಾಕು, ಎರಡು ಉಸಿರಲ್ಲಿ ಆಚೆ ಇರ್ತೀರಿ.

ಒಂದು ಎಚ್ಚರಿಕೆ. ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂಗೆ ನೋಡ್ಕೊಳ್ಳೋ ಎಬಿಎಸ್ ಇದರಲ್ಲಿದೆ, ಕಾಲು ಜೋರಾದಾಗ ಚಕ್ರ ಜಾರದಂಗೆ ತಡೆಯೋ ಟ್ರಾಕ್ಷನ್ ಕಂಟ್ರೋಲ್ ಇಲ್ಲ. ಶಕ್ತಿ ಎಲ್ಲಾ ಮುಂದಿನ ಎರಡು ಚಕ್ರಕ್ಕೆ. ಮಣ್ಣು ಬಿದ್ದ ಅಥವಾ ಒದ್ದೆ ರಸ್ತೆಯಲ್ಲಿ ಒಂದು, ಎರಡನೇ ಗೇರ್‌ನಲ್ಲಿ ಕಾಲು ಜೋರಾದರೆ ಚಕ್ರ ನಿಂತಲ್ಲೇ ತಿರುಗುತ್ತೆ, ಸ್ಟೀರಿಂಗ್ ಕೈ ಎಳೆಯುತ್ತೆ. ಮನೆಯಲ್ಲಿ ಈಗಷ್ಟೇ ಲೈಸೆನ್ಸ್ ಮಾಡಿಸಿದ ಮಕ್ಕಳಿದ್ದರೆ ಕೀ ಬೀರುವಿನಲ್ಲಿಡಿ.

ಈಗ ಟೈರ್ ವಿಷಯ. ಇದನ್ನು ನೀವು ತಪ್ಪದೆ ಓದಬೇಕು. ಮೊದಲ ವಾರ ಕಾರು ನನಗೆ ಪೂರ್ತಿ ಹಿಡಿಸಿರಲಿಲ್ಲ. ಸಣ್ಣ ಗುಂಡಿಗೂ ದಡ್ ಅನ್ನೋದು, ತಿರುವಿನಲ್ಲಿ ಮುಂಭಾಗ ಸ್ವಲ್ಪ ಹೊರಗೆ ಜಾರೋದು, ಬ್ರೇಕ್ ಹಿಡಿದರೆ ಕೀರ್ ಅನ್ನೋದು. ಸಸ್ಪೆನ್ಷನ್ ಗಟ್ಟಿ ಇರುತ್ತೆ ಅಂತ ಗೊತ್ತಿತ್ತು, ಅದೇ ಇರಬೇಕು ಅಂದ್ಕೊಂಡೆ. ಮಾರಿದವರು "ಟೈರ್ ಹೊಸದರಂಗೆ ಇದೆ, ಬಟನ್ ನೋಡಿ" ಅಂದಿದ್ದರು. ಬಟನ್ ನಿಜವಾಗಿ ಚೆನ್ನಾಗಿತ್ತು. ಒಂದು ದಿನ ಕಾರು ತೊಳೆಯುವಾಗ ಟೈರಿನ ಪಕ್ಕ ಕೈ ಆಡಿಸಿದೆ. ಒಣಗಿದ ಕೆರೆ ಅಂಗಳದಂಗೆ ಸಣ್ಣ ಸಣ್ಣ ಬಿರುಕು. ಉಗುರು ಒತ್ತಿದರೆ ಒಳಗೆ ಇಳೀತಿಲ್ಲ, ಅಡಿಕೆ ಒತ್ತಿದಂಗೆ. ಆಮೇಲೆ ತಾರೀಖು ಹುಡುಕಿದೆ. ಟೈರಿನ ಪಕ್ಕದಲ್ಲಿ ಒಂದು ಉದ್ದುಂಡು ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತೆ, ಮೊದಲ ಎರಡು ವಾರ, ಕೊನೆ ಎರಡು ವರ್ಷ. ನನ್ನದರಲ್ಲಿ 3116 ಅಂತಿತ್ತು. 2016ರ 31ನೇ ವಾರ. ಕಾರು ಓಡಿದ್ದು ಕಡಿಮೆ, ಹಾಗಾಗಿ ಸವೆದಿರಲಿಲ್ಲ, ಆದರೆ ರಬ್ಬರ್ ಸತ್ತುಹೋಗಿತ್ತು.

ಅದೇ ಸಂಜೆ 195/55 ಆರ್16 ಸೈಜಿನ ನಾಲ್ಕೂ ಹೊಸ ಟೈರ್ ಹಾಕಿಸಿ, ಅಲೈನ್‌ಮೆಂಟ್ ಮಾಡಿಸಿದೆ. ಅಂಗಡಿಯಿಂದ ಮನೆಗೆ ಬರೋ ದಾರಿಯಲ್ಲೇ ಬೇರೆ ಕಾರು! ಗುಂಡಿ ಗುಂಡಿಯಂಗೇ ಇತ್ತು, ಆ ದಡ್ ಅನ್ನೋ ಪೆಟ್ಟು ಮಾತ್ರ ಇರಲಿಲ್ಲ. ಮೇಲೆ ಹೇಳಿದ ನಂದಿ ಬೆಟ್ಟದ ಅನುಭವ ಹೊಸ ಟೈರ್ ಹಾಕಿದ ಮೇಲಿಂದು. ಇಂಥ ಕಾರುಗಳು ಬಹಳಷ್ಟು ಷೆಡ್‌ನಲ್ಲೇ ನಿಂತಿರ್ತವೆ. ಕಿಲೋಮೀಟರ್ ಕಡಿಮೆ ಇದೆ ಅಂತ ಖುಷಿ ಪಡುವ ಮುಂಚೆ ನಾಲ್ಕೂ ಟೈರಿನ ತಾರೀಖು ಓದಿ. ಹಳೇದಾಗಿದ್ದರೆ ಹೊಸ ಟೈರಿನ ದುಡ್ಡು ಬೆಲೆಯಲ್ಲಿ ಇಳಿಸಿ ಕೇಳಿ.

ಇಂಜಿನ್‌ನ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆಸೋ ಟೈಮಿಂಗ್ ಬೆಲ್ಟ್‌ಗೂ ಇದೇ ಮಾತು. ಈ ಇಂಜಿನ್‌ನಲ್ಲಿ ಇರೋದು ಚೈನ್ ಅಲ್ಲ, ಬೆಲ್ಟ್. ಓಡದೇ ಇದ್ದರೂ ವರ್ಷ ಆದಂಗೆ ಅದು ಹಳೇದಾಗುತ್ತೆ. ಬದಲಾಯಿಸಿದ ಬಿಲ್ ತೋರಿಸಲಿಲ್ಲ ಅಂದ್ರೆ ಬದಲಾಯಿಸಿಲ್ಲ ಅಂತಲೇ ಇಟ್ಕೊಳ್ಳಿ. ನಾನು ತಂದ ಎರಡನೇ ವಾರದಲ್ಲೇ ಬೆಲ್ಟ್, ಟೆನ್ಷನರ್, ವಾಟರ್ ಪಂಪ್ ಒಟ್ಟಿಗೆ ಹಾಕಿಸಿದೆ. ಅದು ತುಂಡಾದರೆ ಇಂಜಿನ್ ಖರ್ಚಿನ ಮುಂದೆ ಇದು ಏನೂ ಅಲ್ಲ. ನೋಡೋಕೆ ಹೋದಾಗ ತಣ್ಣಗಿರುವ ಇಂಜಿನ್‌ನಲ್ಲಿ ಸ್ಟಾರ್ಟ್ ಮಾಡಿಸಿ. ನೀವು ಹೋಗುವ ಹೊತ್ತಿಗೆ ಬಾನೆಟ್ ಬಿಸಿ ಇದ್ದರೆ ಸ್ವಲ್ಪ ಹೊತ್ತು ಕಾದು ನೋಡಿ. ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ಬಂದರೆ ಆಯಿಲ್ ಸುಡ್ತಿದೆ ಅಂತ ಅರ್ಥ, ಟರ್ಬೊ ಕೂಡ ಅದಕ್ಕೆ ಕಾರಣ ಇರಬಹುದು. ಚಿಪ್ ಹಾಕಿಸಿ ಪವರ್ ಹೆಚ್ಚು ಮಾಡಿದ ಗಾಡಿಯಾದರೆ ನಾನಾಗಿದ್ದರೆ ಬಿಟ್ಟುಬಿಡ್ತೀನಿ. ಕ್ಲಚ್, ಗೇರ್‌ಬಾಕ್ಸ್ ಎಷ್ಟು ನೋವು ತಿಂದಿವೆ ಅಂತ ಹೊರಗಿನಿಂದ ಗೊತ್ತಾಗಲ್ಲ.

ನಿಮ್ಮ ಎರಡನೇ ಪ್ರಶ್ನೆ, ಹಂಪು. ಗ್ರೌಂಡ್ ಕ್ಲಿಯರೆನ್ಸ್ 155 ಮಿಲಿಮೀಟರ್. ಪೇಟೆಯ ಹಂಪಿಗೆ ತೊಂದರೆ ಇಲ್ಲ. ಹಳ್ಳಿಯವರೇ ಸಿಮೆಂಟ್ ಸುರಿದು ಮಾಡಿರೋ ಗೋಡೆಯಂಥ ಹಂಪಿಗೆ ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಬೇಕು. ಹಿಂದೆ ಮೂರು ಜನ ಕೂತಿದ್ದರೆ ಒಬ್ಬರನ್ನಾದರೂ ಇಳಿಸೋದು ಒಳ್ಳೇದು. ನನಗೆ ಇಲ್ಲಿ ತನಕ ಒಂದೇ ಸಲ ತಗುಲಿದೆ, ಅದೂ ನಮ್ಮ ತೋಟದ ಗೇಟಿನಲ್ಲಿ.

ಹಂಪಿಗಿಂತ ನನಗೆ ಭಯ ಆಗೋದು ರಸ್ತೆ ಮೇಲೆ ಹಾಕಿರೋ ರಾಗಿ, ಹುರುಳಿ. ಈಗ ಶಿಡ್ಲಘಟ್ಟ, ಚಿಂತಾಮಣಿ ಕಡೆ ಒಳ ರಸ್ತೆಗಳಲ್ಲಿ ಒಕ್ಕಣೆ ನಡೀತಿದೆ. ಪಿಕಪ್ ಅಂಥ ಎತ್ತರದ ಗಾಡಿಗಳು ದಾಟಿಬಿಡ್ತವೆ. ನಮ್ಮ ಕಾರು ತಗ್ಗು, ಹುರುಳಿ ಬಳ್ಳಿ ಕೆಳಗೆ ಸುತ್ತಿಕೊಳ್ಳುತ್ತೆ. ಟರ್ಬೊ ಕಾರಿನ ಎಕ್ಸಾಸ್ಟ್ ಪೈಪ್ ಕೆಂಡದಂಗೆ ಬಿಸಿ ಇರುತ್ತೆ, ಒಣ ಹುಲ್ಲು ಸಿಕ್ಕಿಹಾಕಿಕೊಂಡರೆ ಬೆಂಕಿ ಹತ್ತೋಕೆ ಹೆಚ್ಚು ಹೊತ್ತು ಬೇಡ. ಹೋದ ವಾರ ಒಂದು ಕಡೆ ಅರ್ಧ ರಸ್ತೆಗೆ ಹುರುಳಿ ಹಾಕಿದ್ದರು. ನಾನು ನಿಲ್ಲಿಸಿ ಕೇಳಿದೆ. ಅಲ್ಲಿದ್ದ ಅಜ್ಜಿಯೇ ಮೊರ ಕೆಳಗಿಟ್ಟು, ಕೋಲಿನಿಂದ ಒಂದು ಗಾಡಿ ಹೋಗೋಷ್ಟು ಬಳ್ಳಿ ಸರಿಸಿಕೊಟ್ಟರು. ದಾಟಿದ ಮೇಲೆ ಇಳಿದು ಕಾರಿನ ಕೆಳಗೆ ಬಗ್ಗಿ ನೋಡಿದೆ, ಆದರೂ ಎರಡು ಎಳೆ ಸಿಕ್ಕಿತ್ತು. ಅಂಥ ಕಡೆ ದಾಟಿದಾಗೆಲ್ಲ ನಿಲ್ಲಿಸಿ ಒಮ್ಮೆ ಬಗ್ಗಿ ನೋಡಿ ಸರ್. ಅರ್ಧ ನಿಮಿಷದ ಕೆಲಸ.

ಪಾರ್ಟ್ಸ್ ಬಗ್ಗೆ ಜನ ಹೆದರಿಸೋಷ್ಟು ಕಷ್ಟ ನನಗೆ ಬಂದಿಲ್ಲ. "ಫಿಯಟ್ ಇಂಜಿನ್ ಮಾರುತಿಯಲ್ಲೂ ಇದೆ, ಎಲ್ಲಾ ಕಡೆ ಸಿಗುತ್ತೆ" ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಅದು 1.3 ಮಲ್ಟಿಜೆಟ್ ಡೀಸೆಲ್. ನಮ್ಮದು ಬೇರೆ. ಆದರೆ ಇದೇ 1.4 ಟಿ-ಜೆಟ್ ಇಂಜಿನ್ ಕಡಿಮೆ ಪವರ್‌ನಲ್ಲಿ ಲಿನಿಯಾ ಟಿ-ಜೆಟ್‌ನಲ್ಲಿತ್ತು, ಬೆಲ್ಟ್, ಫಿಲ್ಟರ್‌ನಂಥ ಸಾಮಾನು ಆ ದಾರಿಯಲ್ಲಿ ಸಿಗುತ್ತೆ. ಬಾಗಿಲು, ಗಾಜು ಸಾಮಾನ್ಯ ಪುಂಟೊ ಇವೊದ್ದೇ. ನನಗೆ ಒಂದು ಇಂಜಿನ್ ಮೌಂಟ್ ಬೇಕಿತ್ತು, ಪುಣೆಯಿಂದ ಒಂಬತ್ತು ದಿನಕ್ಕೆ ಬಂತು. ಚೇಳಿನ ಅಲಾಯ್ ಚಕ್ರ ಮಾತ್ರ ಮುರಿದರೆ ಹುಡುಕಾಟ, ಗುಂಡಿ ನೋಡಿ ಓಡಿಸಿ. ಕಾರು ಕೊಳ್ಳುವ ಮುಂಚೆಯೇ ಈ ಇಂಜಿನ್ ಬಿಚ್ಚಿ ಕೂಡಿಸಿ ಗೊತ್ತಿರೋ ಮೆಕ್ಯಾನಿಕ್ ಒಬ್ಬರನ್ನು ಹುಡುಕಿಕೊಳ್ಳಿ.

ಪುಣೆ ಗಾಡಿ ಅಂದಿರಲ್ಲ, ಅಲ್ಲಿಯ ಆರ್‌ಟಿಒ ಕೊಡೋ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನೋ ಪತ್ರ) ಬೇಕು, ಮೇಲೆ ನಮ್ಮ ರಾಜ್ಯದ ಲೈಫ್ ಟ್ಯಾಕ್ಸ್ ಕಟ್ಟಬೇಕು. ಅಡ್ವಾನ್ಸ್ ಕೊಡುವ ಮುಂಚೆ ಆರ್‌ಟಿಒದಲ್ಲಿ ಟ್ಯಾಕ್ಸ್ ಎಷ್ಟಾಗುತ್ತೆ ಕೇಳಿ, ಆ ಮೊತ್ತ ಸೇರಿಸಿ ಬೆಲೆ ನೋಡಿ. ನನ್ನದು ಮೈಸೂರಿಂದಾದ್ದರಿಂದ ಆ ಖರ್ಚು ಉಳೀತು. ಮೈಲೇಜ್ ನನಗೆ ಊರೊಳಗೆ 9, ಹೈವೇಯಲ್ಲಿ 13. ಕಾಲು ಜೋರಾದರೆ ಅದೂ ಇಲ್ಲ.

ಇನ್ನೊಂದು ಅಭ್ಯಾಸ ಹೇಳಿ ಮುಗಿಸ್ತೀನಿ. ಜೋರಾಗಿ ಓಡಿಸಿ ಬಂದ ತಕ್ಷಣ ಕೀ ತಿರುಗಿಸಿ ಆಫ್ ಮಾಡಬೇಡಿ. ಟರ್ಬೊದ ಬೇರಿಂಗ್ ತಣ್ಣಗಾಗೋದು ಹರಿಯುವ ಆಯಿಲ್‌ನಿಂದ. ಇಂಜಿನ್ ನಿಂತರೆ ಆಯಿಲ್ ಅಲ್ಲೇ ನಿಂತು ಸುಟ್ಟು ಕರಕಲಾಗುತ್ತೆ. ಒಂದು ನಿಮಿಷ ಐಡಲ್‌ನಲ್ಲಿ ಬಿಡಿ. ಬೆಳಗ್ಗೆಯೂ ಅಷ್ಟೇ, ಸ್ಟಾರ್ಟ್ ಮಾಡಿದ ಮೇಲೆ ಮೊದಲ ನಾಲ್ಕೈದು ಕಿಲೋಮೀಟರ್ ನಿಧಾನ.

ಬರೋ ಶುಕ್ರವಾರ ಅಮ್ಮನನ್ನು ಕರ್ಕೊಂಡು ಚಿಂತಾಮಣಿ ಮೇಲೆ ಕೋಲಾರಕ್ಕೆ ಬರ್ತಿದ್ದೀನಿ, ಚೇಳಮ್ಮನ ಗುಡಿಗೆ. ಹತ್ತು ಗಂಟೆ ಹೊತ್ತಿಗೆ ಗುಡಿ ಹತ್ತಿರ ಬನ್ನಿ. ಪೂಜೆ ಮುಗಿದ ಮೇಲೆ ಅಮ್ಮ ಅಲ್ಲೇ ನೆರಳಲ್ಲಿ ಕೂತಿರ್ತಾರೆ, ನಾವು ಮುಳಬಾಗಿಲು ಕಡೆ ಹೈವೇಯಲ್ಲಿ ಒಂದು ಸುತ್ತು ಹೋಗಿ ಬರೋಣ. ಆಯಿಲ್ ಬಿಸಿ ಆಗೋ ತನಕ ನಾನು ಓಡಿಸ್ತೀನಿ, ಆಮೇಲೆ ಸೀಟು ನಿಮ್ಮದು.