ನನ್ನ ತಟ್ಟೆ ತಿಮ್ಮ ಯಾರ ಸ್ವತ್ತು?

ಪ್ರಶ್ನೆ: ಸರ್, ನಾನು ತುಮಕೂರಿನ ಕ್ಯಾತ್ಸಂದ್ರದವನು. ನಾಲ್ಕು ವರ್ಷದಿಂದ ‘ತಟ್ಟೆ ತಿಮ್ಮ’ ಅನ್ನೋ ಕಾರ್ಟೂನ್ ಬರೆದು ಫೇಸ್‌ಬುಕ್‌ಗೆ ಹಾಕುತ್ತಿದ್ದೇನೆ. ನಮ್ಮೂರ ತಟ್ಟೆ ಇಡ್ಲಿಯ ಹಾಗೆ ಅಗಲ ಮುಖ, ಒಂದೇ ಹಲ್ಲು, ಪಟಾಪಟಿ ಚಡ್ಡಿ, ಕಿವಿಗೆ ಸಿಕ್ಕಿಸಿದ ಪೆನ್ಸಿಲ್. ಮೊನ್ನೆ ತುಮಕೂರಿನ ಅಂಗಡಿಯೊಂದರಲ್ಲಿ ನೋಡಿದರೆ ನೋಟ್‌ಬುಕ್ ರಟ್ಟಿನ ಮೇಲೆ ನನ್ನ ತಿಮ್ಮ ನಿಂತಿದ್ದಾನೆ! ಚಡ್ಡಿ ಬಣ್ಣ ಮಾತ್ರ ಬೇರೆ. ಪ್ರಿಂಟ್ ಹಾಕಿದವರನ್ನು ಕೇಳಿದರೆ ‘ರಿಜಿಸ್ಟರ್ ಆಗಿದ್ಯಾ, ತೋರಿಸಿ’ ಅಂದರು. ಆಗಿಲ್ಲ. ಈ ನಡುವೆ ಒಂದು ವಾರಪತ್ರಿಕೆಯವರೂ ತಿಮ್ಮನನ್ನು ಕೇಳುತ್ತಿದ್ದಾರೆ, ಯಾವುದೋ ಕಾಗದಕ್ಕೆ ಸಹಿ ಹಾಕಬೇಕಂತೆ. ಏನು ಮಾಡಲಿ?
– ತಿಮ್ಮನ ಅಪ್ಪ, ಕ್ಯಾತ್ಸಂದ್ರ

ಉತ್ತರ: ತಿಮ್ಮನ ಅಪ್ಪನವರೇ, ಆ ಪ್ರಿಂಟ್‌ನವರ ಮಾತಿಗೆ ಹೆದರಬೇಡಿ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ನೀವು ಚಿತ್ರ ಬರೆದ ಗಳಿಗೆಯಿಂದಲೇ ಹಕ್ಕು ನಿಮ್ಮದು. ನೋಂದಣಿ ಕಡ್ಡಾಯ ಅಲ್ಲ. ನಿಮ್ಮ ಜೀವಮಾನ ಪೂರ್ತಿ, ಆಮೇಲೂ 60 ವರ್ಷ ಆ ಹಕ್ಕು ಇರುತ್ತದೆ.

ಆದರೆ ಇಡ್ಲಿ ಮುಖದ ಹುಡುಗ ಅನ್ನೋ ಐಡಿಯಾ ಯಾರಪ್ಪನ ಸ್ವತ್ತೂ ಅಲ್ಲ. ನಾಳೆ ಇನ್ನೊಬ್ಬರು ತಮ್ಮದೇ ಗೆರೆಯಲ್ಲಿ ಒಬ್ಬ ಇಡ್ಲಿ ಹುಡುಗನನ್ನು ಬರೆದರೆ ತಡೆಯೋಕೆ ಆಗಲ್ಲ. ಆ ಹಲ್ಲು, ಆ ಚಡ್ಡಿ, ಆ ಪೆನ್ಸಿಲ್ ಎಲ್ಲಾ ಸೇರಿ ಆದ ತಿಮ್ಮ ನಿಮ್ಮವನು. ಬಣ್ಣ ಬದಲಿಸಿದರೆ ಪಾರಾದೆ ಅಂದುಕೊಳ್ಳುವವರು ಬಹಳ. ‘ನಾಗರಾಜ್’ ಅನ್ನೋ ಹೀರೋನ ಹಿಂದಿ ಕಾಮಿಕ್ಸ್ ಓಡುತ್ತಿದ್ದಾಗ ಇನ್ನೊಬ್ಬ ಪ್ರಕಾಶಕರು ಅವನನ್ನೇ ಹೋಲುವ ‘ನಾಗೇಶ್’ನನ್ನು ತಂದಿದ್ದರು. 1990ರ ದಶಕದಲ್ಲಿ ದೆಹಲಿ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು.

ಆದರೂ ನೋಂದಣಿ ಮಾಡಿಸಿಬಿಡಿ. ನಾಳೆ ಕೋರ್ಟಲ್ಲಿ ‘ಇದು ನನ್ನದು’ ಅನ್ನೋಕೆ ಆ ಪತ್ರ ಮೊದಲ ಸಾಕ್ಷಿ, ಅಲ್ವಾ? ಅರ್ಜಿ ಆನ್‌ಲೈನಲ್ಲೇ. ಚಿತ್ರಕ್ಕೆ 500 ರೂಪಾಯಿ, ಸರಕಿನ ಮೇಲೆ ಬಳಸುವಂಥದ್ದಾದರೆ 2,000. ಅರ್ಜಿ ಹಾಕಿದ ಮೇಲೆ ಯಾರಾದರೂ ತಕರಾರು ತೆಗೆಯುತ್ತಾರಾ ಅಂತ 30 ದಿನ ಕಾಯುತ್ತಾರೆ. ‘ತಟ್ಟೆ ತಿಮ್ಮ’ ಅನ್ನೋ ಬರೀ ಹೆಸರಿಗೆ ಮಾತ್ರ ಕಾಪಿರೈಟ್ ಸಿಗಲ್ಲ, ಅದಕ್ಕೆ ಟ್ರೇಡ್‌ಮಾರ್ಕ್ ಬೇಕು. ಸರಕಿನ ಒಂದೊಂದು ವರ್ಗಕ್ಕೆ 4,500 ರೂಪಾಯಿ, 10 ವರ್ಷಕ್ಕೊಮ್ಮೆ ನವೀಕರಣ. ನೋಟ್‌ಬುಕ್ 16ನೇ ವರ್ಗ, ಬಟ್ಟೆ 25, ಆಟಿಕೆ 28. ಮೂರಕ್ಕೂ ಒಟ್ಟಿಗೆ ದುಡ್ಡು ಸುರಿಯಬೇಡಿ, ಸದ್ಯಕ್ಕೆ 16 ಸಾಕು.

ನನಗೆ ಜಾಸ್ತಿ ಚಿಂತೆ ಇರೋದು ಆ ವಾರಪತ್ರಿಕೆಯ ಕಾಗದದ ಬಗ್ಗೆ. ಕೇರಳದ ಕಾರ್ಟೂನಿಸ್ಟ್ ಟಾಮ್ಸ್ ಕಥೆ ಕೇಳಿ. ಅವರ ಬೋಬನ್–ಮೋಲಿ ಅನ್ನೋ ತುಂಟ ಮಕ್ಕಳು ಮಲಯಾಳ ಮನೋರಮಾದಲ್ಲಿ ವರ್ಷಗಟ್ಟಲೆ ಬಂದು ಮನೆಮಾತಾದರು. ಟಾಮ್ಸ್ ಕೆಲಸ ಬಿಟ್ಟು ಬೇರೆ ಕಡೆ ಬರೆಯೋಕೆ ಹೊರಟಾಗ ಪತ್ರಿಕೆ ‘ಪಾತ್ರಗಳು ನಮ್ಮವು’ ಅಂತ ಕೋರ್ಟಿಗೆ ಹೋಯಿತು. ಕೆಲಸಕ್ಕೆ ಸೇರುವ ಮೊದಲೇ ಆ ಪಾತ್ರಗಳನ್ನು ಹುಟ್ಟಿಸಿದ್ದರು ಅನ್ನೋದೇ ಟಾಮ್ಸ್ ಅವರನ್ನು ಉಳಿಸಿತು, ಬರೆಯೋದು ಮುಂದುವರಿಸಲು ಕೇರಳ ಹೈಕೋರ್ಟ್ ಬಿಟ್ಟಿತು. ನಿಮ್ಮ ತಿಮ್ಮನೂ ಮೊದಲೇ ಹುಟ್ಟಿದವನು. ಆದರೆ ‘ಎಲ್ಲ ಹಕ್ಕು, ಶಾಶ್ವತವಾಗಿ’ ಅಂತ ನೀವೇ ಸಹಿ ಹಾಕಿಕೊಟ್ಟರೆ ಯಾವ ಟಾಮ್ಸ್ ಕಥೆಯೂ ಕಾಯಲ್ಲ. ಕಾಗದದಲ್ಲಿ ಅವಧಿ ಬರೆಯದಿದ್ದರೆ ಕಾನೂನು ಅದನ್ನು 5 ವರ್ಷ ಅಂತ ತಿಳಿಯುತ್ತದೆ, ಆದರೂ ಅದನ್ನು ನಂಬಿ ಕೂರಬೇಡಿ. ‘ಪತ್ರಿಕೆಯಲ್ಲಿ ಅಚ್ಚು ಹಾಕಲು ಮಾತ್ರ, ಎರಡು ವರ್ಷ, ಗೊಂಬೆ, ಟೀ ಶರ್ಟು, ಅನಿಮೇಷನ್ ಹಕ್ಕು ನನ್ನದೇ’ ಅಂತ ಬರೆಸಿ. ಒಪ್ಪದಿದ್ದರೆ ತಿಮ್ಮ ಫೇಸ್‌ಬುಕ್‌ನಲ್ಲೇ ಇರಲಿ ಬಿಡಿ.

ಇನ್ನು ನೋಟ್‌ಬುಕ್‌ನವರು. ಮೊದಲು ವಕೀಲರಿಂದ ಒಂದು ನೋಟಿಸ್ ಕಳಿಸಿ, ಎಷ್ಟೋ ಜನ ಅಲ್ಲಿಗೇ ನಿಲ್ಲಿಸುತ್ತಾರೆ. ಬಗ್ಗದಿದ್ದರೆ ದಾವೆ ಹಾಕೋಕೆ ಬೇರೆ ಊರಿಗೆ ಅಲೆಯಬೇಕಿಲ್ಲ, ಪುಸ್ತಕ ಎಲ್ಲೇ ಅಚ್ಚಾಗಿರಲಿ, ನೀವು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು. ಹಳೆಯ ಸ್ಕೆಚ್‌ಗಳನ್ನು ರದ್ದಿಗೆ ಹಾಕಬೇಡಿ. ಫೇಸ್‌ಬುಕ್ ಪೋಸ್ಟ್‌ಗಳನ್ನು ತಾರೀಖು ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಡಿ. ಮತ್ತೆ ಇವತ್ತೇ ಆ ಅಂಗಡಿಗೆ ಹೋಗಿ ಎರಡು ನೋಟ್‌ಬುಕ್ ಕೊಂಡುಕೊಳ್ಳಿ, ಬಿಲ್ ಸಮೇತ. ಬಿಲ್ ಇಲ್ಲ ಅಂದರೆ ಫೋನ್‌ಪೇ ಮಾಡಿ, ಅಂಗಡಿ ಹೆಸರೂ ತಾರೀಖೂ ಅದರಲ್ಲೇ ಉಳಿಯುತ್ತದೆ.