ಶಾಲೆ ಗೇಟಿನ ಮುಂದೆ ನಿಂತು ಮಾತಾಡಲೂ ಬಾರದೇ?

ಪ್ರಶ್ನೆ: ನನ್ನ ಮಗಳು ಎರಡನೇ ತರಗತಿ, ಮಗ ಯುಕೆಜಿ. ಮೈಸೂರಿನ ಕುವೆಂಪುನಗರದ ಒಂದು ಖಾಸಗಿ ಶಾಲೆ. ಕಳೆದ ವರ್ಷದವರೆಗೂ ಮಕ್ಕಳನ್ನು ಬಿಟ್ಟ ಮೇಲೆ ನಾವು ಐದಾರು ತಾಯಂದಿರು ಗೇಟಿನ ಪಕ್ಕದ ಹೊಂಗೆ ಮರದ ಕೆಳಗೆ ಸ್ವಲ್ಪ ಹೊತ್ತು ಮಾತಾಡಿಕೊಂಡು ಹೋಗುತ್ತಿದ್ದೆವು. ನಾನು ಈ ಊರಿಗೆ ಹೊಸಬಳು. ಮಕ್ಕಳ ಡಾಕ್ಟರಿಂದ ಹಿಡಿದು ಹಾಲಿನವರವರೆಗೆ ಎಲ್ಲ ಗೊತ್ತಾಗಿದ್ದು ಆ ಮರದ ಕೆಳಗೇ. ಜೂನ್‌ನಿಂದ ಹೊಸ ಪ್ರಿನ್ಸಿಪಾಲರು ‘ಬಿಟ್ಟು ಹೊರಡಿ’ ಎಂಬ ನಿಯಮ ತಂದಿದ್ದಾರೆ. ನಿಂತರೆ ಸಾಕು, ಸೆಕ್ಯುರಿಟಿಯವರು ಸೀಟಿ ಊದುತ್ತಾರೆ. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ದಿನಾ ಜಗಳ. ನಿಯಮದ ವಿರುದ್ಧದ ಪತ್ರಕ್ಕೆ ಸಹಿ ಹಾಕಿ ಅಂತ ಒತ್ತಾಯ ಮಾಡುತ್ತಿದ್ದಾರೆ. ಹಾಕಲೇ?
– ಒಬ್ಬ ತಾಯಿ, ಮೈಸೂರು

ಉತ್ತರ: ಆ ಪತ್ರಕ್ಕೆ ಸಹಿ ಹಾಕಬೇಡಿ ತಾಯಿ. ಹಾಗಂತ ಸುಮ್ಮನಿರಲೂ ಬೇಡಿ.

ನಾನು ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳು. ಬೆಳಗಿನ ಹೊತ್ತು ಗೇಟಿನಲ್ಲಿ ನಿಲ್ಲುವುದನ್ನು ಯಾರಿಗೂ ವಹಿಸುತ್ತಿರಲಿಲ್ಲ. ನಿಮ್ಮ ಪ್ರಿನ್ಸಿಪಾಲರಿಗೆ ಏನು ಕಾಣುತ್ತಿದೆ ಎನ್ನುವುದು ನನಗೆ ಚೆನ್ನಾಗಿ ಗೊತ್ತು. ಬೆಲ್ಲಿಗೆ ಹತ್ತು ನಿಮಿಷ ಇರುವಾಗ ಎದುರು ಬದಿಯಲ್ಲಿ ನಿಂತು ನೀವೂ ಒಮ್ಮೆ ನೋಡಿ. ಕಾರೊಂದು ರಸ್ತೆಯ ನಡುವೆಯೇ ನಿಲ್ಲುತ್ತದೆ. ಮಗು ಬಲಗಡೆಯ ಬಾಗಿಲು ತೆಗೆದು, ಗಾಡಿಗಳು ಓಡಾಡುವ ಕಡೆಗೇ ಇಳಿಯುತ್ತದೆ. ಅದರ ಹಿಂದೆ ಸ್ಕೂಟರಿನಲ್ಲಿ ಒಬ್ಬ ತಾತ ಕಾಲೂರಿಕೊಂಡು ಮೊಮ್ಮಗನ ಹೆಲ್ಮೆಟ್ಟಿನ ಪಟ್ಟಿ ಬಿಚ್ಚಲು ಹೆಣಗಾಡುತ್ತಿರುತ್ತಾರೆ. ಹುಕ್ಕಿಗೆ ಸಿಕ್ಕಿಸಿದ ಊಟದ ಬ್ಯಾಗು ಹುಡುಗನ ಕಾಲಿಗೆ ತೊಡರಿಕೊಂಡಿರುತ್ತದೆ. ಅಷ್ಟರಲ್ಲಿ ವ್ಯಾನಿನವರು ರಿವರ್ಸ್ ತೆಗೆಯುತ್ತಾರೆ. ನಿಮ್ಮ ಯುಕೆಜಿ ಮಗ ವ್ಯಾನಿನ ಹಿಂದೆ ನಿಂತರೆ ಅದರ ಹಿಂದಿನ ಗಾಜಿಗಿಂತ ಕೆಳಗಿರುತ್ತಾನೆ, ಡ್ರೈವರಿಗೆ ಕಾಣುವುದೇ ಇಲ್ಲ. ಹಾರ್ನಿನ ಗಲಾಟೆ ಎಷ್ಟಿದ್ದರೂ ಸಹಿಸಿಕೊಳ್ಳುತ್ತಿದ್ದೆ, ಗೇಟಿನ ಮುಂದೆ ಯಾರಾದರೂ ರಿವರ್ಸ್ ಹಾಕಿದರೆ ಮಾತ್ರ ಎದೆ ಝಲ್ಲೆನ್ನುತ್ತಿತ್ತು.

ಆದ್ದರಿಂದ ಗಾಡಿಗಳ ವಿಷಯದಲ್ಲಿ ಪ್ರಿನ್ಸಿಪಾಲರು ಎಷ್ಟು ಬಿಗಿ ಮಾಡಿದರೂ ನಾನು ಅವರ ಪರ. ಅವರು ತಪ್ಪಿದ್ದು ಗಾಡಿಯನ್ನೂ ಮನುಷ್ಯರನ್ನೂ ಒಂದೇ ಸೀಟಿಯಲ್ಲಿ ಓಡಿಸಿದ್ದರಲ್ಲಿ. ನೀವು ಮರದ ಕೆಳಗೆ ಆಡುವ ಮಾತು ಶಾಲೆಗೂ ಬೇಕಾದದ್ದು. ಇವಳು ಇಂಥವರ ಮಗಳು ಎಂದು ಗೊತ್ತಿದ್ದರೆ ಕಾರಿನವರ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತದೆ. ಒಂದು ಮಗು ನಾಲ್ಕು ದಿನ ಬಾರದಿದ್ದರೆ ಹಾಜರಿ ಪುಸ್ತಕಕ್ಕಿಂತ ಮೊದಲು ವಿಚಾರಿಸುವವರು ಇನ್ನೊಂದು ಮಗುವಿನ ತಾಯಿ.

ಹಾಗಾದರೆ ಮಾಡುವುದೇನು? ಗಾಡಿ ನಿಲ್ಲುವ ಜಾಗ ಬೇರೆ, ಜನ ನಿಲ್ಲುವ ಜಾಗ ಬೇರೆ ಆಗಬೇಕು. ಗೇಟಿನಿಂದ ಇನ್ನೂರು ಮೀಟರ್ ದೂರದಲ್ಲಿ, ಅಗಲವಾದ ಒಂದು ಅಡ್ಡರಸ್ತೆಯಲ್ಲಿ ಗಾಡಿ ನಿಲ್ಲಿಸಿ. ಅಲ್ಲಿಂದ ಮಕ್ಕಳ ಜೊತೆ ನಡೆದು ಬನ್ನಿ. ನಿಮ್ಮ ಮಾತುಕತೆ ಆ ದಾರಿಯಲ್ಲೇ ನಡೆಯುತ್ತದೆ, ಮಕ್ಕಳೂ ತಮ್ಮ ಮಾತು ಮುಗಿಸಿಕೊಂಡು ಕ್ಲಾಸಿಗೆ ಹೋಗುತ್ತಾರೆ. ಇದು ನನ್ನ ಹೊಸ ಶೋಧನೆಯೇನಲ್ಲ. ಜಪಾನಿನ ಎಷ್ಟೋ ಊರುಗಳಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳು ಬೀದಿಯ ಒಂದು ಕಡೆ ಸೇರಿ, ದೊಡ್ಡ ತರಗತಿಯವರ ಜೊತೆ ಸಾಲಾಗಿ ಶಾಲೆಗೆ ನಡೆಯುತ್ತಾರೆ. ಇಟಲಿಯ ಬೋಲ್ಜಾನೊ ಊರಿನಲ್ಲಿ 1989ರಿಂದಲೇ ಶಾಲೆ ಶುರುವಾಗುವ, ಬಿಡುವ ಹೊತ್ತಿಗೆ ಎದುರಿನ ರಸ್ತೆಯನ್ನು ಸ್ವಲ್ಪ ಕಾಲ ಗಾಡಿಗಳಿಗೆ ಮುಚ್ಚುವ ಪದ್ಧತಿ ಇದೆ. ರಸ್ತೆ ಮುಚ್ಚಬೇಕೆಂದರೆ ನಮ್ಮಲ್ಲಿ ಪೊಲೀಸರ ಒಪ್ಪಿಗೆ ಬೇಕು. ನಡೆಯುವುದಕ್ಕೆ ನೀವು ಐದಾರು ಜನ ಒಪ್ಪಿದರೆ ಸಾಕು.

ಒಂಬತ್ತಕ್ಕೆ ಪಂಚ್ ಹಾಕಲೇಬೇಕಾದ ತಾಯಂದಿರು ಇರುತ್ತಾರೆ. ಗಾರ್ಮೆಂಟ್ಸ್‌ಗೆ ಹೋಗುವವರು, ನರ್ಸ್ ಕೆಲಸದವರು. ‘ನಮಗೆಲ್ಲಿ ನಡೆಯಲು ಪುರಸೊತ್ತು’ ಎಂದು ಅವರು ಕೇಳುವುದು ನ್ಯಾಯವೇ. ಅಂಥವರ ಮಗುವನ್ನು ಅಡ್ಡರಸ್ತೆಯಲ್ಲಿ ಕೈಹಿಡಿದು ನೀವು ಕರೆದುಕೊಂಡು ಹೋಗಿ. ಮುಖಪರಿಚಯವಿಲ್ಲದವರ ಕೈಗೆ ಯಾರೂ ಮಗುವನ್ನು ಕೊಡುವುದಿಲ್ಲ. ಮರದ ಕೆಳಗೆ ಸಂಪಾದಿಸಿದ ಸ್ನೇಹ ಇಲ್ಲಿ ಕೆಲಸಕ್ಕೆ ಬರುತ್ತದೆ. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಮಗು, ವಿಶೇಷ ಚೇತನ ಮಗು, ಕಂಕುಳಲ್ಲಿ ಕೂಸಿರುವ ಬಾಣಂತಿ, ನಡೆಯಲಾಗದ ಅಜ್ಜಿ – ಇವರ ಗಾಡಿ ಗೇಟಿನವರೆಗೆ ಬರಲೇಬೇಕು. ಇದನ್ನು ಪ್ರಿನ್ಸಿಪಾಲರಿಂದ ಬರವಣಿಗೆಯಲ್ಲೇ ಪಡೆಯಿರಿ.

ಗ್ರೂಪಿನಲ್ಲಿ ಚರ್ಚೆಗೇ ಬಿಡಬಾರದ ಎರಡು ಸಂಗತಿಗಳಿವೆ. ನಾಲ್ಕು ವರ್ಷ ದಾಟಿದ ಮಗುವಿಗೆ ದ್ವಿಚಕ್ರ ವಾಹನದಲ್ಲಿ ಹೆಲ್ಮೆಟ್ ಕಡ್ಡಾಯ, ಅಂದರೆ ನಿಮ್ಮ ಇಬ್ಬರಿಗೂ. ಅದಕ್ಕಿಂತ ಚಿಕ್ಕವರಿಗೆ, ಒಂಬತ್ತು ತಿಂಗಳಿಂದ ಮೇಲೆ, ಹೆಲ್ಮೆಟ್ ಜೊತೆ ಸವಾರರಿಗೆ ಕಟ್ಟಿಕೊಳ್ಳುವ ಸುರಕ್ಷಾ ಬೆಲ್ಟೂ ಬೇಕು. ವೇಗ 40 ಕಿ.ಮೀ. ದಾಟುವಂತಿಲ್ಲ. ಇನ್ನೊಂದು, ಹೈಸ್ಕೂಲು ಹುಡುಗರು ತಾವೇ ಸ್ಕೂಟರ್ ಓಡಿಸಿಕೊಂಡು ತಮ್ಮ ತಂಗಿಯನ್ನು ಬಿಡಲು ಬರುವುದು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಅದಕ್ಕೆ ತಂದೆತಾಯಿಯೇ ಹೊಣೆ: 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು.

ಈಗ ಪತ್ರದ ವಿಷಯ. ಸಹಿ ಸಂಗ್ರಹದ ಬದಲು ನೀವೇ ಒಂದು ಪುಟದ ಕಾಗದ ಬರೆದು ಪ್ರಿನ್ಸಿಪಾಲರನ್ನು ಮುಖತಃ ಕಾಣಿ. ಗಾಡಿಯ ನಿಯಮವನ್ನು ನಾವು ಒಪ್ಪುತ್ತೇವೆ ಎಂದು ಮೊದಲ ಸಾಲಿನಲ್ಲೇ ಬರೆಯಿರಿ. ನಡೆದು ಬಂದವರಿಗೆ ಸೀಟಿ ಊದಬಾರದು, ಬೆಲ್ ಆದ ಮೇಲೆ ಕಾಂಪೌಂಡಿನ ಒಳಗೆ ಸ್ವಲ್ಪ ಹೊತ್ತು ನಿಲ್ಲಲು ಜಾಗ ಕೊಡಬೇಕು ಎಂದು ಕೇಳಿ. ಸೆಕ್ಯುರಿಟಿಯವರ ಮೇಲೆ ದೂರು ಬೇಡ. ಕಾರಿನವರ ಬೈಗುಳ, ಆಫೀಸಿನ ಗದರಿಕೆ ಎರಡೂ ಬೀಳುವುದು ಅವರಿಗೇ. ಯಾವ ವ್ಯಾನು ಎಷ್ಟು ಹೊತ್ತಿಗೆ ಬರುತ್ತದೆ, ಯಾವ ತಿರುವಿನಲ್ಲಿ ಗಾಡಿ ಸಿಕ್ಕಿಕೊಳ್ಳುತ್ತದೆ ಎನ್ನುವುದು ಅವರಿಗೆ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿಲ್ಲ. ಅಡ್ಡರಸ್ತೆ ಯಾವುದೆಂದು ಆರಿಸುವಾಗ ಅವರನ್ನೇ ಕೇಳಿ. ಆ ರಸ್ತೆಯ ಮನೆಯವರಿಗೂ ಮೊದಲೇ ಒಂದು ಮಾತು ಹೇಳಿ. ಅವರ ಗೇಟಿಗೆ ಅಡ್ಡ ಆಗದಂತೆ, ರಂಗೋಲಿಯ ಮೇಲೆ ಚಕ್ರ ಹತ್ತದಂತೆ ನಿಲ್ಲಿಸಿ.