ಆಕ್ಷನ್ ಫಿಗರ್‌ನ ಕುತ್ತಿಗೆ ಪೆಗ್ ಮುರಿದು ಅರ್ಧ ತಲೆಯೊಳಗೇ ಉಳಿದಿದೆ, ಫೆವಿಕ್ವಿಕ್ ಹಾಕಿದರೆ ನಿಲ್ಲುತ್ತದೆಯೇ?

ಬರೀ ಫೆವಿಕ್ವಿಕ್ ನಿಲ್ಲುವುದಿಲ್ಲ. ನಿಮ್ಮದು 6 ಇಂಚಿನ ಮಾರ್ವೆಲ್ ಲೆಜೆಂಡ್ಸ್ ಗೊಂಬೆ, ತಲೆ ಬದಲಿಸಲು ಎಳೆದಾಗ ಮುರಿಯಿತು ಎಂದಿದ್ದೀರಿ. ಆ ಪೆಗ್ ಎರಡೂ ತುದಿಗೆ ಗುಂಡು ಇರುವ ಪುಟ್ಟ ಡಂಬೆಲ್‌ನಂತೆ: ಒಂದು ಗುಂಡು ತಲೆಯೊಳಗೆ, ಇನ್ನೊಂದು ಕುತ್ತಿಗೆಯೊಳಗೆ. ಮುರಿಯುವುದು ನಡುವಿನ ಕಡ್ಡಿ. ಅದರ ದಪ್ಪ ಸುಮಾರು 3 ಮಿ.ಮೀ. ಮಾತ್ರ, ತಲೆ ತಿರುಗಿಸಿದಾಗಲೆಲ್ಲ ಪೂರ್ತಿ ಬಲ ಬೀಳುವುದೂ ಅಲ್ಲೇ. ಒಳಗೊಂದು ತಂತಿ ಕೂರಿಸಿ ಅಂಟಿಸಿದರೆ ಮಾತ್ರ ಬಾಳಿಕೆ ಬರುತ್ತದೆ.

ಮೊದಲು ತಲೆಯೊಳಗಿನ ತುಂಡನ್ನು ತೆಗೆಯಿರಿ. ಕೈಯಲ್ಲೇ ತಿರುಗಿಸುವ ಪುಟ್ಟ ಡ್ರಿಲ್, ಅಂದರೆ ಪಿನ್ ವೈಸ್‌ಗೆ 1 ಮಿ.ಮೀ. ಬಿಟ್ ಹಾಕಿ, ತುಂಡಿನ ನಟ್ಟನಡುವೆ 3-4 ಮಿ.ಮೀ. ಆಳ ಕೊರೆಯಿರಿ. ಕರೆಂಟ್ ಡ್ರಿಲ್ ಬೇಡ, ಅದರ ಬಿಸಿಗೆ ಪ್ಲಾಸ್ಟಿಕ್ ಕರಗಿ ಬಿಟ್ ಅಂಟಿಕೊಳ್ಳುತ್ತದೆ. ಆ ತೂತಿಗೆ ಹಳೇ ರಿಮೋಟ್‌ನಲ್ಲಿ ಸಿಗುವಂಥ ಸಣ್ಣ ಸ್ಕ್ರೂ ಎರಡು ಸುತ್ತು ಹಿಡಿಸಿ. ಅದಕ್ಕಿಂತ ಹೆಚ್ಚು ತಿರುಗಿಸಿದರೆ ತುಂಡು ಸೀಳುತ್ತದೆ. ಈಗ ನೀರು ಕುದಿಸಿ, ಒಲೆಯಿಂದ ಇಳಿಸಿ, ಎರಡು ನಿಮಿಷ ಬಿಟ್ಟು, ತಲೆಯನ್ನು ಒಂದೆರಡು ನಿಮಿಷ ಮುಳುಗಿಸಿಡಿ. ತಲೆ ಮೆತ್ತನೆಯ ಪಿವಿಸಿ, ತಣ್ಣಗಿದ್ದರೆ ಗುಂಡನ್ನು ಬಿಗಿಯಾಗಿ ಕಚ್ಚಿಕೊಂಡಿರುತ್ತದೆ. ಬಿಸಿಯಾದ ಮೇಲೆ ಸ್ಕ್ರೂವನ್ನು ನೋಸ್ ಪ್ಲೈಯರ್‌ನಲ್ಲಿ ಹಿಡಿದು ನೇರವಾಗಿ ಎಳೆಯಿರಿ. ಓರೆ ಎಳೆದರೆ ತಲೆಯ ತೂತಿನ ಅಂಚು ಹರಿಯುತ್ತದೆ.

ಅಂಟು ಮುಟ್ಟುವ ಮುಂಚೆ ಪೆಗ್ ಯಾವ ಪ್ಲಾಸ್ಟಿಕ್ ಎಂದು ನೋಡಲೇಬೇಕು. ಹೆಚ್ಚಿನವರು ಎಡವುವುದು ಇಲ್ಲಿ. ಒಂದು ಲೋಟದಲ್ಲಿ 100 ಮಿ.ಲೀ. ನೀರಿಗೆ 36-40 ಗ್ರಾಂ ಉಪ್ಪು ಹಾಕಿ ಕಲಕಿ, ತಳದಲ್ಲಿ ಸ್ವಲ್ಪ ಕರಗದೆ ಉಳಿಯಬೇಕು. ಮುರಿದ ತುಂಡನ್ನು ಅದರಲ್ಲಿ ಬಿಡಿ, ಅಂಟಿದ ಗಾಳಿಗುಳ್ಳೆಗಳನ್ನು ಬೆರಳಲ್ಲಿ ಒರೆಸಿ. ಎಬಿಎಸ್ ಎಂಬ, ಅಂಟು ಹಿಡಿಯುವ ಗಟ್ಟಿ ಪ್ಲಾಸ್ಟಿಕ್ ಆದರೆ ತೇಲುತ್ತದೆ. ಮುರಿದ ಜಾಗ ಬೆಳ್ಳಗೆ ಮಾಸಿದಂತಿದ್ದರೆ ಅದೂ ಎಬಿಎಸ್‌ನ ಗುರುತು. ಗಟ್ಟಿಯಾಗಿ, ಮೇಣ ಸವರಿದಂತೆ ಜಾರುವ ತುಂಡು ಮುಳುಗಿದರೆ ಅದು ಪಿಒಎಂ ಎಂಬ ಇನ್ನೊಂದು ಪ್ಲಾಸ್ಟಿಕ್. ಪಿಒಎಂಗೆ ಫೆವಿಕ್ವಿಕ್ ಆಗಲಿ ಅರಾಲ್ಡೈಟ್ ಆಗಲಿ ಹಿಡಿಯುವುದಿಲ್ಲ, ಒಣಗಿದ ಮೇಲೆ ಸಿಪ್ಪೆಯ ಹಾಗೆ ಎದ್ದು ಬರುತ್ತದೆ. ಅಂಥ ಪೆಗ್ಗನ್ನು ಜೋಡಿಸಲು ಹೋಗಬೇಡಿ, ಕೈಕಾಲು ಮುರಿದ ಅದೇ ಅಳತೆಯ ಅಗ್ಗದ ಗೊಂಬೆಯಿಂದ ಪೆಗ್ ತೆಗೆದು ಹಾಕಿ.

ಎಬಿಎಸ್ ಆದರೆ ಮುಂದುವರಿಯಿರಿ: ತಂತಿ ಕೂರಿಸಲು ಕುತ್ತಿಗೆ ಕಡೆಯ ತುಂಡಿಗೂ ತೂತು ಕೊರೆಯಬೇಕು. ಎರಡೂ ತೂತುಗಳು ಒಂದೇ ಗೆರೆಯಲ್ಲಿ ಬಾರದಿದ್ದರೆ ತಲೆ ವಾಲುತ್ತದೆ. ಕೊರೆದ ತೂತಿನ ಬಾಯಿಗೆ ಒಂದು ಚುಕ್ಕೆ ಬಣ್ಣ ಹಚ್ಚಿ, ಹಸಿ ಇರುವಾಗಲೇ ಎರಡು ತುಂಡುಗಳ ಮುರಿದ ಮುಖಗಳನ್ನು ಸರಿಯಾಗಿ ಕೂಡಿಸಿ ಒತ್ತಿ. ಎದುರು ತುಂಡಿನ ಮೇಲೆ ಮೂಡಿದ ಗುರುತೇ ಕೊರೆಯುವ ಜಾಗ. 1 ಮಿ.ಮೀ. ಹಿತ್ತಾಳೆ ತಂತಿ ಅಥವಾ ಪೇಪರ್ ಕ್ಲಿಪ್ ತಂತಿ ಸಾಕು. ಅದಕ್ಕಿಂತ ದಪ್ಪ ಹಾಕಿದರೆ ಸುತ್ತಲಿನ ಗೋಡೆ ತೆಳುವಾಗಿ ಪುನಃ ಸೀಳುತ್ತದೆ. ತಂತಿಯನ್ನು ಉಪ್ಪುಕಾಗದದಲ್ಲಿ ಉಜ್ಜಿ, ಎರಡೂ ಕಡೆ 3-4 ಮಿ.ಮೀ. ಒಳಗೆ ಹೋಗುವಂತೆ ಕತ್ತರಿಸಿ. ಅಂಟಿಗೆ ನಾನು ನಿಧಾನವಾಗಿ ಗಟ್ಟಿಯಾಗುವ ಅರಾಲ್ಡೈಟ್ ಅನ್ನೇ ಬಳಸುತ್ತೇನೆ, ಸೊಟ್ಟಗಿದ್ದರೆ ತಿದ್ದಲು ಸಮಯ ಸಿಗುತ್ತದೆ. 24 ಗಂಟೆ ಮುಟ್ಟಬೇಡಿ. ಫೆವಿಕ್ವಿಕ್‌ಗೆ ಇನ್ನೊಂದು ದೋಷವಿದೆ: ಅದರ ಆವಿ ಹತ್ತಿರದ ಮೈಮೇಲೆ ಬಿಳಿ ಮಬ್ಬಾಗಿ ಕೂರುತ್ತದೆ, ಕಪ್ಪು ಮುಖವಾಡದ ತಲೆಯಾದರೆ ಎದ್ದು ಕಾಣುತ್ತದೆ.

ಮರಳಿ ಕೂರಿಸುವಾಗಲೂ ತಲೆಯನ್ನು ಬಿಸಿನೀರಲ್ಲಿ ಮೆತ್ತಗೆ ಮಾಡಿ, ನೀರು ಒರೆಸಿ, ನೇರವಾಗಿ ಒತ್ತಿ. ಆಮೇಲೆ ತಲೆ ಸಡಿಲ ಅನ್ನಿಸಿದರೆ ಗುಂಡಿಗೆ ನೀರಿನಂಶದ ಅಕ್ರಿಲಿಕ್ ವಾರ್ನಿಶ್ ತೆಳುವಾಗಿ ಒಂದು ಕೋಟ್ ಹಚ್ಚಿ, ಒಂದು ದಿನ ಒಣಗಿಸಿ ನೋಡಿ, ಸಾಲದಿದ್ದರೆ ಇನ್ನೊಂದು. ಅರೆಬರೆ ಒಣಗಿದ್ದಾಗ ಜೋಡಿಸಿದರೆ ತಲೆ ಅಲ್ಲೇ ಅಂಟಿಬಿಡುತ್ತದೆ.

ತಲೆಯ ಅಂಚೂ ಹರಿದಿದ್ದರೆ ಪ್ಲಂಬರ್‌ಗಳು ಪಿವಿಸಿ ಪೈಪ್‌ಗೆ ಹಚ್ಚುವ ಸಾಲ್ವೆಂಟ್ ಸಿಮೆಂಟನ್ನು ಹಲ್ಲುಕಡ್ಡಿ ತುದಿಯಲ್ಲಿ ಸೀಳಿನೊಳಗೆ ಮಾತ್ರ ಸವರಿ, ದಾರ ಸುತ್ತಿ ಒಂದು ದಿನ ಬಿಡಿ. ಹೊರಗೆ ತಾಗಿದರೆ ಬಣ್ಣ ಎದ್ದು ಬರುತ್ತದೆ, ಕಿಟಕಿ ತೆರೆದಿರಲಿ. ಮೂಗು, ಗಲ್ಲ ಚಪ್ಪಟೆಯಾಗಿದ್ದರೆ ಬಿಸಿನೀರೇ ಅರ್ಧ ಕೆಲಸ ಮಾಡುತ್ತದೆ: ಬಿಸಿಯಲ್ಲಿ ಮೂಲ ಆಕಾರಕ್ಕೆ ಬಂದೊಡನೆ ತಣ್ಣೀರಿಗೆ ಹಾಕಿ. ಚೂರು ಹಾರಿಹೋಗಿದ್ದರೆ ಎಂ-ಸೀಲ್ ತುಂಬಿ, 400, 800, 1000 ನಂಬರ್ ಉಪ್ಪುಕಾಗದದಲ್ಲಿ ಸಮ ಮಾಡಿ.

ಬಣ್ಣಕ್ಕೆ ಅಂಗಡಿಯ ಸ್ಪ್ರೇ ಕ್ಯಾನ್ ಬೇಡ. ಮೆತ್ತನೆಯ ಪಿವಿಸಿಯಲ್ಲಿರುವ ಪ್ಲಾಸ್ಟಿಸೈಜರ್ (ಅದನ್ನು ಮೆತ್ತಗಿಡುವ ವಸ್ತು) ಮೇಲಕ್ಕೆ ಒಸರಿ ಅಂಥ ಕ್ಯಾನ್‌ನ ಎನಾಮೆಲ್ ಬಣ್ಣವನ್ನು ತಿಂಗಳಾದರೂ ಜಿಗುಟಾಗಿಯೇ ಇಡುತ್ತದೆ. ತಲೆಯನ್ನು ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು, ಅಕ್ರಿಲಿಕ್ ಬಣ್ಣ ತೆಳುವಾಗಿ ಮೂರು ನಾಲ್ಕು ಕೋಟ್ ಹಚ್ಚಿ.

ಕೆಳಗೆ ಇನ್ನೊಬ್ಬರು ಫನ್‌ಸ್ಕೂಲ್ ಕಂಪನಿಯ ಹಳೇ ಜಿ.ಐ. ಜೋ ಗೊಂಬೆಯ ತಲೆಗೂ ಇದೇ ಉಪಾಯವೇ ಎಂದು ಕೇಳಿದ್ದಾರೆ. ಅಲ್ಲ, ಆ ತಲೆ ಎದೆಯ ಎರಡು ಹೋಳುಗಳ ನಡುವೆ ಸಿಕ್ಕಿಕೊಂಡಿರುತ್ತದೆ, ಎಳೆದರೆ ಕುತ್ತಿಗೆಯೇ ಹೋಗುತ್ತದೆ. ಬೆನ್ನಿನ ಸ್ಕ್ರೂ ಬಿಚ್ಚಿದರೆ ತಲೆ ತಾನಾಗಿ ಕೈಗೆ ಬರುತ್ತದೆ.